ಅಪ್ಪನ ಎಣಿಕೆ

ನವೆಂಬರ್ ೧೪, ಗುರುವಾರ

ಕೈಯಾರೆ ಅಳಿಸಿಬಿಟ್ಟೆ. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ.

ಒಂದು ಹಾಡಿನ ದನಿಯನ್ನು ಇನ್ನೊಂದರ ವಾದ್ಯದ ಮೇಲೆ ಕೂರಿಸುವುದಕ್ಕೆ ಮ್ಯಾಶಪ್ ಅಂತ ಹೆಸರು ಬರುವ ಎಷ್ಟೋ ವರ್ಷ ಮೊದಲೇ ಅಪ್ಪನಿಗೆ ಆ ಹುಚ್ಚಿತ್ತು. ರೇಡಿಯೊ ಕೇಂದ್ರದಲ್ಲಿ ದಿನವಿಡೀ ಟೇಪು ಕತ್ತರಿಸಿ ಅಂಟಿಸಿದ್ದು ಸಾಲದೆ, ಮನೆಯಲ್ಲೂ ಎರಡು ಯಂತ್ರಗಳನ್ನು ಒಟ್ಟಿಗೆ ಓಡಿಸಿ, ಮುಂದೆ ಮೈಕು ಇಟ್ಟು, ಮೂರನೆಯದರಲ್ಲಿ ತುಂಬಿಸಿಕೊಳ್ಳುತ್ತಿದ್ದರು. ತಾಳ ತಪ್ಪಬಾರದೆಂದು "ಒಂದು, ಎರಡು, ಮೂರು" ಎಂದು ಎಣಿಸಿಯೇ ಎರಡೂ ಗುಂಡಿ ಒತ್ತುವುದು. ಆ ಎಣಿಕೆಯೂ ಟೇಪಿಗೆ ಬೀಳುತ್ತಿತ್ತು. ಅಪ್ಪ ಹೋದ ಮೇಲೆ ಅವರ ದನಿ ಅಂತ ಉಳಿದಿದ್ದು ಅಷ್ಟೇ.

ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಶುಚಿಮಾಡುವುದೇ ನನ್ನ ಹೊಟ್ಟೆಪಾಡು. ಹಾಡಿಗೆ ಮುಂಚಿನ ಸದ್ದನ್ನೆಲ್ಲ ಕೇಳದೆಯೇ ಅಳಿಸುವುದು ಕೈಗೆ ಹತ್ತಿದ ಚಾಳಿ. ಇವತ್ತು ಅಪ್ಪನದೆಂದು ಉಳಿದಿದ್ದ ಒಂದೇ ಟೇಪಿನದನ್ನೂ ಹಾಗೇ ಅಳಿಸಿದೆ, ಮೂಲ ಫೈಲಿನ ಮೇಲೇ ಉಳಿಸಿದೆ. ಅಷ್ಟರಲ್ಲಿ ಟೇಪಿನ ಲೇಪ ಪುಡಿಪುಡಿಯಾಗಿ ಉದುರಿತ್ತು. ಇನ್ನೊಮ್ಮೆ ಓಡಿಸುವಂತಿಲ್ಲ.

ಸಂಜೆ, ಅಳಿಸಿದ್ದನ್ನು ಹೇಳದೆಯೇ, ಅಮ್ಮನಿಗೆ ಅದನ್ನು ಹಾಕಿ ಕೇಳಿಸಿದೆ. ಹಾಡಿಗೆ ಮುಂಚೆ, ಎಣಿಕೆಯಿದ್ದ ಜಾಗದಲ್ಲಿ, ಈಗ ಬರೀ ನಿಶ್ಶಬ್ದ.

"ಏನೂ ಕೇಳಿಸ್ತಿಲ್ವಲ್ಲೇ?"

"ಇರಮ್ಮ, ಈಗ ಬರುತ್ತೆ."

ಅಮ್ಮ ನನ್ನ ಮುಖ ನೋಡಿದಳು. ತಿಳಿಯಿತೋ ಏನೋ. ಕಣ್ಣು ಮುಚ್ಚಿ, ಥೇಟ್ ಅಪ್ಪನ ಹಾಗೇ, "ಒಂದು, ಎರಡು, ಮೂರು" ಅಂದಳು. ಮೂರು ಅನ್ನುತ್ತಿದ್ದ ಹಾಗೇ ಎರಡೂ ಹಾಡು ಒಟ್ಟಿಗೆ ಶುರುವಾದವು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಅಮ್ಮ ಮಲಗಿ ಗಂಟೆ ಮೇಲಾಯಿತು. ನನ್ನ ಕಿವಿಯಲ್ಲಿ ಎಣಿಕೆ ನಿಂತಿಲ್ಲ. ದನಿ ಅಮ್ಮನದೋ ಅಪ್ಪನದೋ ಬಿಡಿಸಲಾಗುತ್ತಿಲ್ಲ. ಒಂದು, ಎರಡು