ಹೆಗಲ ಮೇಲೆ ಎರಡು ಬೆರಳು

ಮಾರ್ಚ್ 4, ಬೆಳಿಗ್ಗೆ

ಈಜುಕೊಳದಿಂದ ಈಗ ಬಂದೆ. ಕೂದಲು ಇನ್ನೂ ಒದ್ದೆ, ಮೈಯೆಲ್ಲ ಕ್ಲೋರಿನ್ ವಾಸನೆ. ಅರವತ್ತು ದಾಟಿದವರ ಬ್ಯಾಚಿಗೆ ಇವತ್ತು ಉಸಿರು ಹಿಡಿಯುವ ಅಭ್ಯಾಸ. ಮುಖ ನೀರಲ್ಲಿಟ್ಟು ತೇಲುವುದು. ಜೊತೆಗಾರರು ಪಕ್ಕದಲ್ಲೇ ನಿಂತು ಆಗಾಗ ಹೆಗಲು ತಟ್ಟಬೇಕು. ನಾವು ಬೆರಳೆತ್ತಿದರೆ ಚೆನ್ನಾಗಿದ್ದೇವೆ ಎಂದರ್ಥ.

ಹೋದ ವರ್ಷದವರೆಗೆ ನನಗೆ ತಟ್ಟುತ್ತಿದ್ದವರು ನಮ್ಮ ಯಜಮಾನರು. ಎರಡು ಬೆರಳಲ್ಲಿ, ಬಾಗಿಲು ಬಡಿದಂತೆ. ಈಗ ಕೋಚ್ ಹುಡುಗಿ ನಿಲ್ಲುತ್ತಾಳೆ. ಪಾಪ, ತಟ್ಟಿದ್ದು ಗೊತ್ತೇ ಆಗುವುದಿಲ್ಲ.

ಮಾರ್ಚ್ 7

ಮಗಳದು ಮತ್ತೆ ಅದೇ ರಾಗ. "ಅಪ್ಪ ಹೋದ ಜಾಗಕ್ಕೇ ಹೋಗ್ಬೇಕಾ ಅಮ್ಮ?"

"ನಿಮ್ಮಪ್ಪ ಹೋಗಿದ್ದು ಮೊಂಡುತನದಿಂದ ಕಣೇ. ನೀರೇನು ಮಾಡುತ್ತೆ?"

ನನಗೆ ಜ್ವರ ಬಂದ ದಿನ ಒಬ್ಬರೇ ಇಳಿದರು. ಇಳಿಯುವ ಮುಂಚೆ ಬುಸುಬುಸು ಉಸಿರೆಳೆದರಂತೆ, ಜಾಸ್ತಿ ಹೊತ್ತು ಇರಬಹುದೆಂದು. ಹಾಗೆ ಮಾಡಿದರೆ ಉಸಿರು ಬೇಕು ಅನ್ನಿಸುವುದೇ ಇಲ್ಲ, ಹಾಯಾಗಿ ಪ್ರಜ್ಞೆ ತಪ್ಪುತ್ತದೆ. ಕೋಚ್ ಬಾಯಿ ನೋಯುವಷ್ಟು ಹೇಳಿದ್ದಳು. ಎಪ್ಪತ್ತರ ಮಹಾನುಭಾವರು ಕೇಳಿದರೆ ತಾನೇ! ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚ್ 11

ಇವತ್ತು ಚೆನ್ನಾಗಿ ತಟ್ಟಿದಳು. ಎರಡು ಬೆರಳು, ಗಟ್ಟಿಯಾಗಿ. ಬೆರಳೆತ್ತಿದೆ. ಮತ್ತೆ ತಟ್ಟಿದಳು. ಮತ್ತೆ ಎತ್ತಿದೆ... ಎದ್ದು ಹೇಳಿದೆ, "ಈಗ ಕಲಿತೆ ನೋಡಮ್ಮ ತಟ್ಟೋದು."

ಹುಡುಗಿಯ ಮುಖ ಬಿಳಿಚಿತ್ತು. "ಆಂಟಿ, ನಾನಿನ್ನೂ ಮುಟ್ಟೇ ಇಲ್ಲ. ನೀವೇ ಸುಮ್‌ಸುಮ್ನೆ ಬೆರಳು ಎತ್ತುತ್ತಾ ಇದ್ರಿ."

ನನಗಿನ್ನು ಉಸಿರು ಹಿಡಿಯುವುದು ಬಂದ್ ಅಂತೆ. ಬರೀ ಈಜಬೇಕಂತೆ. ಆಗಲಿ ಎಂದು ತಲೆಯಾಡಿಸಿದೆ.

ಮಾರ್ಚ್ 29

ಆಸ್ಪತ್ರೆಯಿಂದ ಬಂದು ಮೂರು ದಿನ. ಬರೆಯಲು ನಾಚಿಕೆ.

ಒಬ್ಬಳೇ ಇಳಿದಿದ್ದೆ. ಥೇಟ್ ಇವರ ಹಾಗೇ ಬುಸುಬುಸು ಉಸಿರೆಳೆದು. ತಟ್ಟಿದರು, ಬೆರಳೆತ್ತಿದೆ. ಆಮೇಲಿನದು ನೆನಪಿಲ್ಲ. ಕೋಚ್ ಬಂದು ತಟ್ಟಿದಾಗ ನನ್ನ ಬೆರಳು ಏಳಲಿಲ್ಲವಂತೆ. ಎರಡನೇ ಸಲವೂ ಇಲ್ಲ. ಅಲ್ಲಿಗೆ ಯೋಚಿಸುವ ಮಾತೇ ಇಲ್ಲ, ಮೇಲಕ್ಕೆ ಎಳೆದುಬಿಡುವುದೇ ನಿಯಮ. ಎಳೆದಳು, ಬದುಕಿದೆ.

ಮಗಳು ಅಳುತ್ತಲೇ ಬೈದಳು. "ನಾನು ಸಾಲಲ್ವಾ ನಿಂಗೆ?"

ಅವಳೂ ಬೇಕು. ಇವರೂ ಬೇಕು. ಈಜುವ ಬಟ್ಟೆಯನ್ನು ಬಚ್ಚಿಟ್ಟಿದ್ದಾಳೆ. ಎಲ್ಲಿ ಅಂತ ಗೊತ್ತು — ಮುಟ್ಟಿಲ್ಲ. ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಏಪ್ರಿಲ್ 2, ಮಧ್ಯಾಹ್ನ

ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಉಸಿರು ಸರಾಗವಾಗಿದೆ. ಈಗಷ್ಟೇ ಹೆಗಲ ಮೇಲೆ... ಮಗಳು ಅಂದುಕೊಂಡೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ, ಸದ್ದು ಕೇಳಿಸುತ್ತಿದೆ.

ಬೆರಳು ತಾನಾಗಿ ಏಳಲು ಹೊರಟಿತು. ಒತ್ತಿ ಹಿಡಿದೆ. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎಂದು ಇಷ್ಟು ದಿನ ಎತ್ತಿದ್ದಾಯಿತು. ಚೆನ್ನಾಗಿಲ್ಲ ರೀ. ಒಂದು ಚೂರೂ ಚೆನ್ನಾಗಿಲ್ಲ.

ಮತ್ತೆ ತಟ್ಟಿದರು.

ಎತ್ತಲಿಲ್ಲ. ಮಗಳನ್ನು ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಎರಡು ಸಲ ಆಯಿತು. ಇನ್ನು ಇವರು ನನ್ನನ್ನು