ನೂರ ನಲವತ್ತೊಂದನೆಯ ಸಾಲು

ಎಡದಂಡೆ ವಿದ್ಯಾಪೀಠ
ಹೆಣ್ಣುಮಕ್ಕಳ ವಸತಿನಿಲಯ, ಕೋಣೆ 31
ಶ್ರಾವಣ ಬಹುಳ ತದಿಗೆ, ಕ್ರಿ.ಶ. 2247

ಕಸ್ತೂರಕ್ಕನವರಿಗೆ ಹುಲಿಗೆವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆಗೆ ಬರೆದದ್ದು ಎಂದುಕೊಳ್ಳಬೇಡಿ. ನೀವು ಈ ಕೋಣೆಯಲ್ಲಿ ಓದಿ ಹೋದ ಮೇಲೆ ಇನ್ನೂರ ಇಪ್ಪತ್ತೊಂದು ವರ್ಷ ಕಳೆದಿವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಹಾಳೆಗಳಿಂದ ಕಲಿತವಳು, ಎಲ್ಲಾದರೂ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮಗೆ ಗೊತ್ತಿರಲಾರದ ಪದ ಬಂದ ಕಡೆ ಅರ್ಥ ಹೇಳುತ್ತೇನೆ.

ನಿಮ್ಮ ಹೆಸರು ನನಗೆ ತಿಳಿದದ್ದು ಗೋಡೆಯ ಕಲ್ಲು ಕಪಾಟಿನಿಂದ. ಅದರ ಒಳಗಿನ ಚಪ್ಪಡಿಯ ಮೇಲೆ ನೀವು ಕೈವಾರದ ಮೊನೆಯಿಂದ ಗೀಚಿದ ವೇಳಾಪಟ್ಟಿ ಇನ್ನೂ ಇದೆ. 'ಕಸ್ತೂರಿ, ಬಿಎಸ್ಸಿ ಕೊನೆಯ ಸೆಮಿಸ್ಟರ್, ಮೇ 2026.' ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಎಂದು ಬರೆದು ಹೊಡೆದುಹಾಕಿದ್ದೀರಿ. ಐದು ಎಂದು ಬರೆದು ಅದನ್ನೂ ಹೊಡೆದುಹಾಕಿದ್ದೀರಿ. ಕೊನೆಗೆ 'ಆರಕ್ಕಾದರೂ' ಎಂದಿದೆ. ಮೂರನೆಯ ಅಧ್ಯಾಯದ ಮುಂದೆ 'ಬಿಡು, ಬರಲ್ಲ' ಎಂದಿದೆ. ಐದು ವರ್ಷದಿಂದ ನಾನು ಬಟ್ಟೆ ಮಡಚಿಡುವಾಗಲೆಲ್ಲ ಇದನ್ನು ಓದಿದ್ದೇನೆ. ನೀವು ಪಾಸಾದಿರೋ ಇಲ್ಲವೋ ಗೊತ್ತಾಗಲಿಲ್ಲ.

ನಿಮಗೇ ಬರೆಯಲು ಇನ್ನೊಂದು ಕಾರಣವಿದೆ. ಕೊನೆಯ ಪರೀಕ್ಷೆಗೆ ಎಂಟು ದಿನ ಮೊದಲು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಇದಕ್ಕೆ ಒಂಟಿವಾರ ಎನ್ನುತ್ತೇವೆ. ಈ ದಿನಗಳಲ್ಲಿ ಬದುಕಿರುವ ಯಾರಿಗೂ ಕಾಗದ ಬರೆಯುವಂತಿಲ್ಲ, ಉತ್ತರ ಕೈದಾಟೀತೆಂಬ ಭಯ. ಆದರೆ ಎಂಟನೆಯ ದಿನ, ಮನಸ್ಸು ಹಗುರಾಗಲೆಂದು, ಸತ್ತವರಿಗೋ ಇನ್ನೂ ಹುಟ್ಟದವರಿಗೋ ಒಂದು ಕಾಗದ ಬರೆಯಬಹುದು. ಅದನ್ನು ಯಾರೂ ಓದದೆ ಮೇಣ ಹಚ್ಚಿ ಗೋಡೆಯ ಗೂಡಿನಲ್ಲಿಟ್ಟು ನೂರು ವರ್ಷಕ್ಕೆ ಮುಚ್ಚುತ್ತಾರೆ. ಹೆಚ್ಚಿನವರು ತೀರಿಕೊಂಡ ಅಜ್ಜಿಗೆ ಬರೆಯುತ್ತಾರೆ. ನನ್ನ ಅಜ್ಜಿಗೆ ಈ ವಿಷಯ ತಿಳಿದರೆ ನೊಂದುಕೊಂಡಾಳು. ನೀವು ಪರೀಕ್ಷೆಯ ಸಂಕಟ ಕಂಡವರು, ಅದಕ್ಕೆ ನಿಮಗೆ.

ನಮ್ಮ ಪರೀಕ್ಷೆ ನಿಮ್ಮದರಂತಲ್ಲ. ನಿಮ್ಮ ಕಾಲದ ನಂತರ ಬೆರಕೆಗಾಲ ಎಂಬುದು ಬಂತು. ಯಂತ್ರಗಳಲ್ಲಿಟ್ಟ ಬರಹವೆಲ್ಲ ತಿದ್ದಿಸಿಕೊಂಡು, ಒಂದರೊಳಗೊಂದು ಕಲಸಿಹೋಗಿ, ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಹೇಳಬಲ್ಲವರು ಉಳಿಯಲಿಲ್ಲ. ಅದರಿಂದ ಮುದ್ರಿಸಿದ ಪುಸ್ತಕಗಳೂ ಹಾಗೆಯೇ ಆದವು. ಈಗ ಒಬ್ಬರು ಬರೆದಿಟ್ಟ ಯಾವುದಕ್ಕೂ ಸಾಕ್ಷಿಯ ಬೆಲೆಯಿಲ್ಲ. ಒಂದು ಪಾಠವನ್ನು ಮೂವರು, ಒಬ್ಬರನ್ನೊಬ್ಬರು ಭೇಟಿಯಾಗದೆ, ಬೇರೆ ಬೇರೆ ಹಿರಿಯರಿಂದ ಕಲಿತು ಒಪ್ಪಿಸಬೇಕು. ಮೂವರ ಮಾತೂ ಕೂಡಿದ ಸಾಲು ಮಾತ್ರ ಸಾಲುಪುಸ್ತಕಕ್ಕೆ ಏರುತ್ತದೆ, ಅದೇ ಕಾಯ್ದೆ. ಒಬ್ಬರ ಮಾತು ಬೇರೆಯಾದರೆ ಆ ಸಾಲಿನ ಜಾಗ ಖಾಲಿ ಉಳಿಯುತ್ತದೆ, ಬೇರೆ ಹೇಳಿದವರು ನಪಾಸು. ಹನ್ನೆರಡು ವರ್ಷಕ್ಕೊಮ್ಮೆ ಹಳೆಯ ಪುಸ್ತಕವನ್ನು ನೀರಿನಲ್ಲಿ ನೆನೆಸಿ, ಅರೆದು, ಅದೇ ತಿರುಳಿನಿಂದ ಹೊಸ ಪುಸ್ತಕದ ಹಾಳೆ ಮಾಡುತ್ತಾರೆ. ನಮ್ಮ ಪಾಠದ ಹಾಳೆಗಳನ್ನು ಈ ಬೇಸಿಗೆಯಲ್ಲಿ ಅರೆದಾಯಿತು.

ನನ್ನ ಪಾಠ ದೊಡ್ಡಮ್ಮನ ಕೆರೆಯದು, ಇನ್ನೂರ ಹನ್ನೆರಡು ಸಾಲು. ಏರಿಯ ಉದ್ದ, ತೂಬಿನ ಬಾಗಿಲು, ಕೋಡಿ ಹರಿಯುವ ದಾರಿ, ಹೂಳಿನ ಲೆಕ್ಕ. ಕೇಳಲು ಒಣಗಿದ ಸಂಗತಿ ಅನಿಸಬಹುದು. ಆದರೆ ಏರಿಯ ಕೆಳಗೆ ಕೆಳಗಿನಹಾಳ ಎಂಬ ಊರಿದೆ, ನೂರ ಹತ್ತು ಮನೆ. ಅಳತೆಗಲ್ಲಿನ ಮೇಲೆ ನೀರು ಎಷ್ಟು ಮೊಳ ಮುಟ್ಟಿದಾಗ ತೂಬು ಎತ್ತಬೇಕು, ಊರನ್ನು ದಿಬ್ಬಕ್ಕೆ ಏರಿಸಬೇಕು ಎಂಬುದು ನೂರ ನಲವತ್ತೊಂದನೆಯ ಸಾಲು. ಕಲ್ಲಿನ ಮೇಲೆ ಗೆರೆಗಳಿವೆ. ಅಪಾಯದ ಗೆರೆ ಯಾವುದೆಂದು ಕಲ್ಲು ಹೇಳುವುದಿಲ್ಲ, ಸಾಲೇ ಹೇಳಬೇಕು. ಮೂರನೆಯ ವರ್ಷ ನನ್ನನ್ನು ಕೆರೆ ನೋಡಲು ಕಳಿಸಿದ್ದರು. ಊರಿನ ಮೊದಲ ಮನೆಯ ಸಂಕವ್ವ ಎಂಬಾಕೆ ಹುರಿದ ಶೇಂಗಾ ಕೊಟ್ಟು, "ನೀವು ಹೇಳಿದ ಮೊಳಕ್ಕ ನಾವು ಗಂಟು ಕಟ್ಟತೀವಿ ನೋಡವಾ. ಅಲ್ಲೀತನಕ ಕದಲಂಗಿಲ್ಲ. ಸುಮ್ಮಸುಮ್ಮನ ಮನಿ ಬಿಟ್ಟು ಓಡಾಕ ನಮಗೇನು ಹುಚ್ಚೇನು?" ಎಂದಿದ್ದಳು. ಅದಾದ ಮೇಲೆ ಆ ಸಾಲು ಒಪ್ಪಿಸುವಾಗಲೆಲ್ಲ ಅವಳ ಹೊಸ್ತಿಲು ಕಣ್ಣಿಗೆ ಬರುತ್ತಿತ್ತು.

ನಾವು ಓದುವ ರೀತಿಗೆ ಜಾಡುಪಾಠ ಎಂದು ಹೆಸರು. ಒಂದೊಂದು ಸಾಲನ್ನು ಆವರಣದ ಒಂದೊಂದು ಜಾಗಕ್ಕೆ ಕಟ್ಟಿ, ದಿನವೂ ಅದೇ ದಾರಿಯಲ್ಲಿ ನಡೆಯುತ್ತ ಒಪ್ಪಿಸುವುದು. ಮುಂಬಾಗಿಲಿನ ಕಟಕಟೆ ಒಂದನೆಯ ಸಾಲು, ನಲ್ಲಿಯ ಕಟ್ಟೆ ಇಪ್ಪತ್ತಾರು, ಹೀಗೆ. ಪರೀಕ್ಷೆಯ ತಿಂಗಳಲ್ಲಿ ಬೆಳಿಗ್ಗೆ ಎದ್ದರೆ ನೂರಾರು ಹುಡುಗ ಹುಡುಗಿಯರು ಬಾಯಲ್ಲಿ ಗೊಣಗುತ್ತ, ಎದುರು ಬಂದವರನ್ನು ಗುರುತಿಸದೆ ಸುತ್ತುತ್ತಿರುತ್ತಾರೆ. ನಮ್ಮ ಊಟದ ಮನೆಯ ಫಕೀರವ್ವ, "ದೆವ್ವ ಹಿಡದವರು ವಾಸಿ, ಅವರರ ಕರದ್ರ ಹೊಳ್ಳಿ ನೋಡತಾರ" ಎಂದು ಬೈಯುತ್ತಾಳೆ. ಒಗೆದ ಬಟ್ಟೆ ಮರೆಯುತ್ತೇವೆ. ತಲೆ ಬಾಚುವುದು ಮರೆಯುತ್ತೇವೆ. ಒಬ್ಬ ಹುಡುಗ ತನ್ನ ತಂಗಿಯ ಮದುವೆಯ ದಿನವನ್ನೇ ಮರೆತ. ಅದೆಲ್ಲ ತಡೆದುಕೊಳ್ಳಬಹುದು. ಅದೇ ಪಾಠ ಕಲಿಯುವ ಇನ್ನಿಬ್ಬರು ಇದೇ ಆವರಣದಲ್ಲಿದ್ದಾರೆ, ಅವರು ಯಾರೆಂದು ನನಗೆ ತಿಳಿಯಬಾರದು ಎಂಬುದನ್ನು ತಡೆದುಕೊಳ್ಳುವುದೇ ಕಷ್ಟ. ಐದು ವರ್ಷ ಒಂದು ಸಂಶಯವನ್ನು ಕೂಡ ಯಾರ ಹತ್ತಿರವೂ ಹೇಳಿಕೊಳ್ಳದೆ ಓದುವುದು ಹೇಗಿರುತ್ತದೆಂದು ನೀವು ಊಹಿಸಲಾರಿರಿ. ನಿಮ್ಮ ವೇಳಾಪಟ್ಟಿಯಲ್ಲಿ ದಿನವೂ ಸಂಜೆ ನಾಲ್ಕಕ್ಕೆ 'ರೇಖಾ ರೂಮಲ್ಲಿ ಎಲ್ಲರೂ' ಎಂದಿದೆ. ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಊಟದ ಮನೆಯಲ್ಲಿ ಅಕ್ಕಿ ಆರಿಸುವ ಸರದಿ ನನ್ನದಿತ್ತು. ಕಲ್ಲು ಆರಿಸುತ್ತ ಐವತ್ತೆಂಟನೆಯ ಸಾಲು ಗೊಣಗಿ ಅರ್ಧಕ್ಕೆ ನಿಲ್ಲಿಸಿದೆ. ಎದುರು ಕುಳಿತ ಹುಡುಗಿಯ ಬಾಯಿಂದ ಉಳಿದರ್ಧ ತಾನಾಗಿ ಬಂತು. ಇಬ್ಬರೂ ಮೊರ ಕೆಳಗಿಟ್ಟೆವು. ಅವಳು ದಾವಲಬಿ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, "ಸತ್ತೆವಲ್ಲಬೇ" ಎಂದಳು. ಬಾಗಿಲಲ್ಲಿ ಕಟ್ಟಿಗೆ ಹೊತ್ತು ನಿಂತಿದ್ದ ಶರಭಯ್ಯ ಕಟ್ಟಿಗೆಯನ್ನು ಕಾಲ ಮೇಲೆ ಕೆಡವಿಕೊಂಡು ನಗತೊಡಗಿದ. ನೋವಿಗೆ ಕಣ್ಣಲ್ಲಿ ನೀರು ಬಂದಿದ್ದರೂ ನಗು ನಿಲ್ಲಲಿಲ್ಲ. "ಮುಂದಿಂದು ಹೇಳ್ಲೇನ್ರಿ? ಐವತ್ತೊಂಬತ್ತನೇದು?" ಎಂದ. ಅವನೇ ಮೂರನೆಯವನು.

ಆಗಲೇ ಹೋಗಿ ಹೇಳಿದ್ದರೆ ಮೂವರಿಗೂ ಬೇರೆ ಪಾಠ ಕೊಡುತ್ತಿದ್ದರು, ಐದು ವರ್ಷ ಮತ್ತೆ ಮೊದಲಿನಿಂದ. ಹೇಳಲಿಲ್ಲ. ಅದರ ಬದಲು ಮಧ್ಯಾಹ್ನ ಮೇಲ್ವಿಚಾರಕರು ಮಲಗುವ ಹೊತ್ತಿಗೆ ಅಕ್ಕಿ ಮೂಟೆಗಳ ಕೋಣೆಯಲ್ಲಿ ಕೂಡಿ ಓದಲು ಶುರುಮಾಡಿದೆವು. ಅಕ್ಕ, ಅಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ. ಶರಭಯ್ಯ ಹೂಳಿನ ಸಾಲುಗಳನ್ನು ಬೀಗರ ಊಟದ ಪಟ್ಟಿಯಂತೆ ಹೇಳುತ್ತಿದ್ದ. ತಪ್ಪಿದವರ ತಲೆಗೆ ದಾವಲಬಿ ಹಿಡಿ ಅಕ್ಕಿ ಎರಚುತ್ತಿದ್ದಳು. ಕುಳಿತಲ್ಲೇ ಓದುತ್ತಿದ್ದೆವಾದ್ದರಿಂದ ಜಾಡು ನಡೆಯುವುದು ಬಿಟ್ಟೇಹೋಯಿತು. ಅಗತ್ಯವೂ ಕಾಣಲಿಲ್ಲ. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತಿತ್ತು.

ಆಷಾಢದಲ್ಲಿ ನೂರ ನಲವತ್ತೊಂದನೆಯ ಸಾಲು ಬಂತು. ದಾವಲಬಿ ಹದಿನೇಳು ಮೊಳ ಎಂದಳು. ನಾನು ತಡೆದು ಹತ್ತೊಂಬತ್ತು ಎಂದೆ.

"ಹದಿನೇಳವ್ವಾ," ಎಂದಳು.

"ನಂಗೂ ಹದಿನೇಳ ಅಂತ ನೆನಪು," ಎಂದ ಶರಭಯ್ಯ.

"ಮೂರು ವರ್ಷ ಮೊದಲ ದರ್ಜೆ ಯಾರಿಗೆ ಬಂದೈತಿ?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದು. ಆದರೆ ಹತ್ತೊಂಬತ್ತು ಎಂಬುದು ನನ್ನ ತಲೆಯಲ್ಲಿ ಕಲ್ಲಿನಂತೆ ಕೂತಿತ್ತು, ಬಿಡಲಿಲ್ಲ.

ಶರಭಯ್ಯ ಕೈ ಮುಗಿದ. "ಆತ್ ಬಿಡವಾ, ಮೊದಲ ದರ್ಜೆ ಬಾಯಿಲೆ ಬಂದದ್ದು ಸುಳ್ಳಾಗ್ತೈತೇನು?"

ದಾವಲಬಿ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಮ್ಯಾಲೆ ನಂಬಿಕಿ ಇಟ್ಟು ಬದಲು ಮಾಡಾಕತ್ತೀನಿ. ಅಲ್ಲಿ ಹೋಗಿ ನನ್ನ ಕೈ ಬಿಡಬ್ಯಾಡ ಮತ್ತ." ಬಿಡುವುದಿಲ್ಲ ಎಂದೆ. ಆಮೇಲೆ ಮೂವರೂ ಹತ್ತೊಂಬತ್ತು ಎಂದು ನೂರು ಸಲ ಒಪ್ಪಿಸಿ ಗಟ್ಟಿ ಮಾಡಿಕೊಂಡೆವು.

ಒಂಟಿವಾರದ ನಾಲ್ಕನೆಯ ದಿನ ನನಗೆ ಬೇಸರ ಹತ್ತಿ, ಕೋಣೆಯೊಳಗೇ ಮನಸ್ಸಿನಲ್ಲಿ ಹಳೆಯ ಜಾಡು ನಡೆದೆ. ಕಟಕಟೆ, ನಲ್ಲಿ, ಬೇವಿನ ಮರ, ಗ್ರಂಥಾಲಯದ ಮುರಿದ ಬೆಂಚು. ನೂರ ನಲವತ್ತಕ್ಕೆ ಬಾವಿಯ ಗಡಗಡೆ. ನೂರ ನಲವತ್ತೊಂದಕ್ಕೆ ಊಟದ ಮನೆಯ ಮೆಟ್ಟಿಲು. ಆ ಸಾಲನ್ನು ಮೆಟ್ಟಿಲಿಗೇ ಏಕೆ ಕಟ್ಟಿದ್ದೆ ಎಂದು ಆಗ ನೆನಪಾಯಿತು: ಮೊಳ ಎಷ್ಟೋ ಮೆಟ್ಟಿಲೂ ಅಷ್ಟೇ. ಕಿಟಕಿಯ ಹತ್ತಿರ ಹೋಗಿ ಎಣಿಸಿದೆ. ಅನ್ನದ ಗಂಜಿ ಚೆಲ್ಲಿ ಕರೆಗಟ್ಟಿದ ಕೆಳಗಿನ ಮೆಟ್ಟಿಲಿನಿಂದ ಬಾಗಿಲಿನವರೆಗೆ ಹದಿನೇಳು. ಮತ್ತೆ ಎಣಿಸಿದೆ. ಹದಿನೇಳೇ. ಹತ್ತೊಂಬತ್ತು ಎಲ್ಲಿಂದ ಬಂತೆಂದೂ ತಿಳಿಯಿತು. ಎರಡನೆಯ ವರ್ಷ ಅಭ್ಯಾಸಕ್ಕೆಂದು ಕೊಟ್ಟಿದ್ದ ಸಿದ್ದನಕಟ್ಟೆಯ ಪಾಠದಲ್ಲಿ ಹತ್ತೊಂಬತ್ತು ಮೊಳ ಎಂದಿತ್ತು. ಅದು ಬೇರೆ ಕೆರೆ, ಬೇರೆ ಏರಿ. ದೊಡ್ಡಮ್ಮನ ಕೆರೆಯ ಏರಿಯ ತಲೆಯೇ ಹತ್ತೊಂಬತ್ತೂವರೆ ಮೊಳದಲ್ಲಿದೆ.

ನಾವು ಕೂಡಿ ಓದಿದ್ದನ್ನು ಪರೀಕ್ಷಕರಿಗೆ ಹೇಳಿದರೆ ಮೂವರ ಒಪ್ಪಿಗೆಗೂ ಬೆಲೆ ಹೋಗುತ್ತದೆ, ಇನ್ನೂರ ಹನ್ನೆರಡು ಸಾಲೂ ಹೋಗುತ್ತವೆ. ನಮಗೆ ಕಲಿಸಿದ ಮೂವರು ಹಿರಿಯರಲ್ಲಿ ಇಬ್ಬರು ಈ ವರ್ಷ ತೀರಿಕೊಂಡರು, ಉಳಿದವರಿಗೆ ಈಗ ಮಗನ ಹೆಸರೂ ನೆನಪಿಲ್ಲ. ಹೇಳದೆ ಹತ್ತೊಂಬತ್ತು ಎಂದರೆ ಮೂವರೂ ಪಾಸು, ಮತ್ತು ಹನ್ನೆರಡು ವರ್ಷ ಸಂಕವ್ವ ಏರಿಯ ಕೆಳಗೆ ಹತ್ತೊಂಬತ್ತಕ್ಕೆ ಕಾಯುತ್ತಾಳೆ. ನಾನೊಬ್ಬಳೇ ಹದಿನೇಳು ಎಂದರೆ ಆ ಒಂದು ಸಾಲು ಖಾಲಿ ಬೀಳುತ್ತದೆ, ನಾನು ನಪಾಸು. ಸಾಲು ಖಾಲಿ ಇದ್ದರೆ ಊರಿನವರೇ ತೀರ್ಮಾನಿಸಬೇಕೆಂದು ಕಾಯ್ದೆ. ಹೆದರಿದ ಜನ ಬೇಗ ತೂಬು ಎತ್ತುತ್ತಾರೆ. ನೀರು ವ್ಯರ್ಥವಾದೀತು, ಒಂದು ಬೆಳೆ ಹೋದೀತು. ಜನ ಉಳಿಯುತ್ತಾರೆ.

ಅವರಿಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಹದಿನೇಳಕ್ಕೆ ಮರಳಿರಬಹುದೇ ಎಂದು ನಾಲ್ಕು ದಿನದಿಂದ ಯೋಚಿಸಿದ್ದೇನೆ. ಶರಭಯ್ಯ ಮರಳುವವನಲ್ಲ, ನಂಬಿದ್ದನ್ನು ಮತ್ತೆ ತೂಗಿ ನೋಡುವ ಅಭ್ಯಾಸ ಅವನಿಗಿಲ್ಲ. ದಾವಲಬಿಗೆ ಹದಿನೇಳೇ ಇರಬೇಕೆಂಬ ಅನುಮಾನ ಒಳಗೆ ಇದ್ದೇ ಇದೆ. ಆದರೂ ನನ್ನನ್ನು ಒಂಟಿ ಮಾಡಬಾರದೆಂದು ಹತ್ತೊಂಬತ್ತು ಎನ್ನುತ್ತಾಳೆ. ಫಲಿತಾಂಶ ಬಂದ ದಿನ ನಾನು ಕೈ ಬಿಟ್ಟೆನೆಂದೇ ತಿಳಿಯುತ್ತಾಳೆ. ಅಲ್ಲವೆಂದು ಅವಳಿಗೆ ವಿವರಿಸುವಂತಿಲ್ಲ. ವಿವರಿಸಿದರೆ, ತಾನು ಸುಳ್ಳು ಸಾಲು ಒಪ್ಪಿಸಿ ಪದವಿ ಪಡೆದೆನೆಂಬುದನ್ನು ಅವಳು ಹೊರಬೇಕಾಗುತ್ತದೆ. ನನಗೆ ಅವಳು ಗೊತ್ತು, ಆ ದಿನವೇ ಹೋಗಿ ಹೇಳಿಬಿಡುತ್ತಾಳೆ, ಕೆರೆಯ ಪಾಠವೆಲ್ಲ ಅಳಿಯುತ್ತದೆ. ಆದ್ದರಿಂದ ನಾನು ಮರೆತವಳಾಗಿಯೇ ಇರಬೇಕು. ನಪಾಸಾದವರನ್ನು ಊಟದ ಮನೆಯ ಕೆಲಸಕ್ಕೆ ಇಟ್ಟುಕೊಳ್ಳುವುದುಂಟು. ಫಕೀರವ್ವ ಬೇಡ ಎನ್ನಲಾರಳು. ಇಂದು ಬೆಳಿಗ್ಗೆ ಬಾಗಿಲ ಕೆಳಗೆ ತಾಟು ತಳ್ಳುತ್ತ, ನಿಯಮ ಮೀರಿ ಒಂದು ಮಾತಾಡಿದಳು: "ಉಣ್ಣ ಹುಲಿಗಿ. ನೀನು ಪಾಸಾಗದ ಇನ್ಯಾರು ಆಗತಾರ?"

ಹೀಗೆ ತೀರ್ಮಾನಿಸಿದ ಮೇಲೂ ನೆಮ್ಮದಿಯಿಲ್ಲ. ಮನಸ್ಸು ಒಪ್ಪಿದೆ, ನಾಲಿಗೆ ಒಪ್ಪಿಲ್ಲ. ಈ ಮಧ್ಯಾಹ್ನ ಎರಡು ಸಲ ಗಟ್ಟಿಯಾಗಿ ಒಪ್ಪಿಸಿ ನೋಡಿದೆ. ಎರಡು ಸಲವೂ ಬಾಯಿಂದ ಹತ್ತೊಂಬತ್ತು ಎಂದೇ ಬಂತು. ಪರೀಕ್ಷೆಯಲ್ಲಿ ತಿದ್ದಿಕೊಳ್ಳಲು ಅವಕಾಶವಿಲ್ಲ. ಒಮ್ಮೆ ಹೇಳಿದ್ದು ಹೇಳಿದ್ದೇ. ನಾಳೆ ಹತ್ತು ಗಂಟೆಗೆ ನನ್ನನ್ನು ಕರೆಯುತ್ತಾರೆ.

ಅದಕ್ಕೆ ನಿಮ್ಮಲ್ಲಿ ಒಂದು ಬೇಡಿಕೆ, ಅಕ್ಕ. ನಿಮ್ಮ ಕಾಲದಲ್ಲೂ ಊಟದ ಮನೆಗೆ ಇದೇ ಕಲ್ಲಿನ ಮೆಟ್ಟಿಲುಗಳಿದ್ದವು, ಅವುಗಳ ಕಟ್ಟೆಯ ಮೇಲೆ ಕೆತ್ತಿದ ಇಸವಿ ನಿಮಗಿಂತ ಹಳೆಯದು. ಓದಿ ಓದಿ ತಲೆ ಕೆಟ್ಟ ದಿನ, ನಾಲ್ಕು ಗಂಟೆಗೆ ರೇಖಾ ಅವರ ಕೋಣೆಗೆ ಹೋಗುವ ಮುಂಚೆ, ಒಮ್ಮೆ ಆ ಮೆಟ್ಟಿಲು ಹತ್ತಿ. ಒಂದೊಂದನ್ನೇ ಎಣಿಸಿ, ಬಾಯಿ ಬಿಟ್ಟು ಎಣಿಸಿ. ನಾಳೆ ಪರೀಕ್ಷೆಯ ಮನೆಗೆ ಹೋಗುವಾಗ ನನ್ನನ್ನೂ ಅದೇ ಮೆಟ್ಟಿಲುಗಳ ಮುಂದಿನಿಂದ ಕರೆದೊಯ್ಯುತ್ತಾರೆ. ಪಕ್ಕದಲ್ಲಿ ಕಾವಲಿನವರಿರುತ್ತಾರೆ, ನಾನು ತುಟಿ ಅಲುಗಿಸುವಂತಿಲ್ಲ. ನನಗಿಂತ ಮುಂಚೆ ಅಲ್ಲಿ ಒಬ್ಬರು ಎಣಿಸಿ ಹೋಗಿದ್ದಾರೆ, ಅವರಿಗೂ ಹದಿನೇಳೇ ಸಿಕ್ಕಿತ್ತು ಎಂದುಕೊಂಡು ದಾಟುತ್ತೇನೆ.

ನೀವು ಪಾಸಾಗಿರಿ.

ಇಂತಿ,
ಹುಲಿಗೆವ್ವ