ರುಮಾಲು ಚೀಲದ ಮೇಲಿದೆ

ಅಪ್ಪಾ,

ನೀವು ಜಳಕಕ್ಕೆ ಹೋಗಿದ್ದೀರಿ. ಎದುರಿಗೆ ನಿಂತು ಹೇಳಲು ಧೈರ್ಯವಿಲ್ಲದೆ ಬರೆದಿಟ್ಟು ಆಫೀಸಿಗೆ ಹೊರಟೆ.

ಸಂಜೆಯ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರ ಮುಟ್ಟುವ ತನಕ ಸ್ವೆಟರ್ ಇರಲಿ. ಮುಂಬೈಯಲ್ಲಿ ಇಲ್ಲಿಯ ಚಳಿ ಇಲ್ಲ, ರೈಲು ಇಳಿಯುವಾಗ ತೆಗೆಯಿರಿ. ತೆಳು ಧೋತರ ಎರಡು ಇಟ್ಟಿದ್ದೇನೆ. ನಿಮಗೆಂದು ನಾನು ತಂದ ಪ್ಯಾಂಟು ಚೀಲದಿಂದ ತೆಗೆದಿದ್ದೇನೆ, ಹುಡುಕಬೇಡಿರಿ.

"ಅಲ್ಲಿ ಸೆಕಿ ಭಾಳ, ತಲಿಗೆ ರುಮಾಲ ಬ್ಯಾಡ" ಎಂದಿದ್ದೆನಲ್ಲ, ಅದು ಸೆಕೆಯ ಮಾತಲ್ಲ. ಮುಂಬೈಯ ಬೀಗರು, ನಿಮ್ಮ ಮೊಮ್ಮಗಳ ಅತ್ತೆಮನೆಯವರು, ನಿಮ್ಮ ರುಮಾಲು ನೋಡಿ ನಕ್ಕಾರೆಂದು ನನಗೆ ನಾಚಿಕೆಯಾಗಿತ್ತು. ನೀವು ನನ್ನನ್ನು ನಂಬಿ, ನನ್ನ ಲಗ್ನಕ್ಕೆ ಹೊಲಿಸಿದ ಅಂಗಿಯ ತೋಳನ್ನೂ ಸೆಕೆಗೆಂದು ಟೇಲರನಿಂದ ಕತ್ತರಿಸಿಕೊಂಡು ಬಂದಿರಿ.

ಅದನ್ನು ತಿರುಗಿ ಹಚ್ಚಲು ಬರುತ್ತದೆಯೇ ಎಂದು ಕೇಳಲು ನಿನ್ನೆ ಟೇಲರನ ಕಡೆ ಹೋಗಿದ್ದೆ. ಬರುವುದಿಲ್ಲವಂತೆ. "ಸೆಕಿ ಆಗಬಾರದಂತ ಮಗಾ ಎಷ್ಟ ಕಾಳಜಿ ಮಾಡ್ತಾನ ನೋಡು ಅಂತ ನಿಮ್ಮಪ್ಪಾರು ತಾಸಗಟ್ಲೆ ಹೇಳಿಕೋತ ಕುಂತಿದ್ರು" ಅಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ರುಮಾಲನ್ನು ಟ್ರಂಕಿನಿಂದ ತೆಗೆದು ಚೀಲದ ಮೇಲೆ ಇಟ್ಟಿದ್ದೇನೆ. ಸಂಜೆ ಬಸ್‌ಸ್ಟ್ಯಾಂಡಿಗೆ ಅದನ್ನು ಸುತ್ತಿಕೊಂಡೇ ಬನ್ನಿರಿ. ಬೀಗರ ಬಾಗಿಲಲ್ಲಿ ನೀವು ಮುಂದೆ ನಡೆಯಿರಿ, ನಾನು ನಿಮ್ಮ ಹಿಂದೆ ಬರುತ್ತೇನೆ.

ಕೈಲಾಸ